ಒಬ್ಬಟ್ಟು ತಿಂದ ಕಳ್ಳ

ಡಾಕ್ಟರ್ ಸಹನ ಫ್ರಿಜ್ ತೆರೆದಳು. ರಕ್ತದ ಟ್ಯೂಬುಗಳು ಇರಲಿಲ್ಲ.

ಪಾಂಡವಪುರದ ಆ ಪುಟ್ಟ ಕ್ಲಿನಿಕ್ಕಿಗೆ ಬೆಳಿಗ್ಗೆಯಷ್ಟೇ ಒಂದು ಬಸ್ ಕಂಪನಿಯ ಡ್ರೈವರುಗಳು ಬಂದು ರಕ್ತ ಕೊಟ್ಟಿದ್ದರು. ಲೈಸೆನ್ಸ್ ನವೀಕರಣಕ್ಕೆ ಅವಳ ಸರ್ಟಿಫಿಕೇಟ್ ಬೇಕಿತ್ತು. ಈಗ ಟ್ಯೂಬುಗಳು ಸ್ಟ್ಯಾಂಡಿನ ಸಮೇತ ಮಾಯ. ಪಕ್ಕದಲ್ಲಿದ್ದ ಒಬ್ಬಟ್ಟಿನ ಡಬ್ಬಿಯೂ ಖಾಲಿ. ನೆಲದ ತುಂಬ ಹೂರಣ.

ಸಬ್ ಇನ್ಸ್‌ಪೆಕ್ಟರ್ ಶ್ವೇತ ಬಂದು ಹಿತ್ತಲ ಬಾಗಿಲು ನೋಡಿದಳು. ಚಿಲಕ ಹಾಕಿರಲಿಲ್ಲ.

"ಡ್ರೈವರುಗಳಿಗೆ ಏನಾದ್ರೂ ಹೇಳಿದ್ರಾ ಡಾಕ್ಟ್ರೇ?"

"ಹೇಳಿದ್ದೆ. ಇವತ್ತೊಂದು ದಿನ ಉಪವಾಸ ಇದ್ರೆ ಪ್ರಯೋಜನ ಇಲ್ಲ, ಮೂರು ತಿಂಗಳ ಸಕ್ಕರೆ ಲೆಕ್ಕ ಈ ರಕ್ತದಲ್ಲೇ ಸಿಗುತ್ತೆ ಅಂತ. ಆಮೇಲೆ ತಿಂಡಿಗೆ ಕಳಿಸಿ, ಮುಂದಿನ ಕೋಣೇಲಿ ಒಬ್ಬೊಬ್ಬರನ್ನೇ ಕರೆದು ಕಣ್ಣು ಪರೀಕ್ಷೆ ಮಾಡ್ತಿದ್ದೆ."

ಬಸ್ ಮಾಲೀಕ ರವೀಂದ್ರ ಬುಸುಗುಡುತ್ತ ಒಳಬಂದ.

"ಇದು ಚಿಕ್ಕಸ್ವಾಮಿ ಕೆಲ್ಸನೇ ಮೇಡಮ್! ನಮ್ ಡ್ರೈವರ್‌ಗಳಲ್ಲಿ ಸುಗರ್ ಇರೋನು ಅವ್ನೊಬ್ನೇ. ಇನ್ಮೇಲೆ ಸುಗರ್ ಇದ್ರೆ ಸ್ಟೇರಿಂಗ್ ಮುಟ್ಬೇಡಿ ಅಂತ ಮೊನ್ನೆ ಎಲ್ರಿಗೂ ಹೇಳ್ಬುಟ್ಟಿದ್ದೆ."

* * *

ಚಿಕ್ಕಸ್ವಾಮಿ ಹೋಟೆಲಿನಲ್ಲಿ ರಾಗಿ ದೋಸೆ ತಿನ್ನುತ್ತಿದ್ದ.

"ನಂಗೆ ಸುಗರ್ ಐತೆ ಅಂತ ಊರಿಗೇ ಗೊತ್ತು. ಟ್ಯೂಬ್ ಕದ್ದು ಏನ್ ಮುಚ್ಚಿಡ್ಲಿ ಮೇಡಮ್ಮೋರೆ?"

ಮಾತು ನಿಜ. ಮೇಲಾಗಿ ಸಕ್ಕರೆ ಕಾಯಿಲೆಯವನು ಕದಿಯಲು ಬಂದ ಜಾಗದಲ್ಲಿ ಡಬ್ಬಿಗಟ್ಟಲೆ ಒಬ್ಬಟ್ಟು ತಿನ್ನುತ್ತಾನೆಯೇ? ಕಾಯಿಲೆ ಇಲ್ಲದ ಯಾರೋ ತಮಾಷೆಗೆ ಮಾಡಿದ್ದಿರಬೇಕು ಅನ್ನಿಸಿತು ಶ್ವೇತಳಿಗೆ.

"ನಿಮ್ಮೋರೆಲ್ಲ ಇಲ್ಲೇ ತಿಂಡಿ ತಿಂದ್ರಾ?"

"ಎಲ್ಲಾ ಬಂದಿದ್ರು. ದೇವಯ್ಯ ಒಬ್ಬ ಬರ್ಲಿಲ್ಲ. ಪಾಪ, ರಕ್ತ ಕೊಡೋವಾಗ್ಲೇ ಬೆವ್ತು ನೀರಾಗೋಗಿದ್ದ. ಕೈ ಗಡಗಡ ನಡುಗ್ತಿತ್ತು. ಏನ್ಲಾ ಅಂದ್ರೆ, ನಂಗ್ಯಾವ ಕಾಯ್ಲೆನೂ ಇಲ್ಲ ಕಣ್ಲಾ ಅಂದ."

ಶ್ವೇತ ಎದ್ದು ನಿಂತಳು.

"ಅವ್ನೀಗ ಎಲ್ಲಿ?"

"ಕೆ.ಆರ್.ಪೇಟೆ ಬಸ್ಸು ಅವ್ನುದೇ. ಇನ್ನೇನ್ ಒಂಟೋಗುತ್ತೆ."

ಅವಳು ಓಡಿದಳು.

* * *

ಬಸ್ಸು ಆಗಲೇ ನಿಲ್ದಾಣದಿಂದ ಹೊರಳುತ್ತಿತ್ತು. ಶ್ವೇತ ಅಡ್ಡ ನಿಂತಳು. ಬ್ರೇಕು ಕಿರುಚಿತು. ಡ್ರೈವರ್ ಬಾಗಿಲಿಗೆ ಹತ್ತಿ ಕೀಲಿ ಕಿತ್ತುಕೊಂಡಳು.

"ಟಿಕೆಟ್ ತಗಂಡಿದೀವಿ ಕಣವ್ವ!" ಹಿಂದಿನ ಸೀಟಿನ ಅಜ್ಜಿ ಕೂಗಿದಳು.

ದೇವಯ್ಯನ ಹಣೆಯಲ್ಲಿ ಮತ್ತೆ ಬೆವರು.

"ಎಷ್ಟು ಮಾತ್ರೆ ನುಂಗಿದೀಯ ದೇವಯ್ಯ?"

ಅವನು ಟೂಲ್ ಬಾಕ್ಸಿನ ಮುಚ್ಚಳ ತೆರೆದ. ಟ್ಯೂಬುಗಳು ಅದರಲ್ಲೇ ಇದ್ದವು.

ಹಿಂದೆಯೇ ಚಿಕ್ಕಸ್ವಾಮಿ, ರವೀಂದ್ರನನ್ನೂ ಸಹನಳನ್ನೂ ಕರೆತಂದ. ಸಹನ ಮೊದಲು ದೇವಯ್ಯನಿಗೆ ಗ್ಲೂಕೋಸ್ ಕುಡಿಸಿದಳು.

"ನಿಮಗೆ ಹೇಗೆ ಗೊತ್ತಾಯ್ತು?" ರವೀಂದ್ರ ಕೇಳಿದ.

"ನಮ್ಮಪ್ಪಂಗೂ ಸಕ್ಕರೆ ಕಾಯಿಲೆ," ಎಂದಳು ಶ್ವೇತ. "ಒಂದ್ಸಲ ಮಾತ್ರೆ ತಗೊಂಡು ಊಟ ಮರೆತಿದ್ರು. ಹೀಗೇ ಬೆವರು, ನಡುಕ. ಕೈಗೆ ಸಿಕ್ಕ ಬೆಲ್ಲ ಎಲ್ಲ ತಿಂದ್ರು. ಕಳ್ಳ ಒಬ್ಬಟ್ಟು ತಿಂದಿದ್ದು ಆಸೆಗಲ್ಲ, ಸಕ್ಕರೆ ಕುಸಿದಾಗ ಜೀವ ಉಳಿಸಿಕೊಳ್ಳೋಕೆ. ಅಂದ್ರೆ ಗುಟ್ಟಾಗಿ ಮಾತ್ರೆ ನುಂಗೋನು. ಪರೀಕ್ಷೆ ಪಾಸಾಗ್ಲಿ ಅಂತ ಇವತ್ತು ಜಾಸ್ತಿ ನುಂಗಿದಾನೆ. ಮೂರು ತಿಂಗಳ ಲೆಕ್ಕ ಸಿಗುತ್ತೆ ಅಂತ ಗೊತ್ತಾದಾಗ ಟ್ಯೂಬೇ ಕದ್ದ. ಒಬ್ಬಟ್ಟಿನ ಬಲ ಇಳಿದ್ರೂ ಮಾತ್ರೆಯ ಬಲ ಇಳಿಯಲ್ಲ. ದಾರೀಲಿ ತಲೆ ಸುತ್ತಿದ್ರೆ?"



"ಕೆಲ್ಸ ಓಯ್ತದೆ ಅಂತ ಯದರ್ಕಂಡ್ಬುಟ್ಟೆ," ದೇವಯ್ಯ ಬಿಕ್ಕಿದ. "ಬಸ್ಸು ಬುಟ್ರೆ ನಂಗೇನೂ ಬರಾಕಿಲ್ಲ."

"ಹತೋಟಿಯಲ್ಲಿದ್ರೆ ಸರ್ಟಿಫಿಕೇಟ್ ಕೊಡೋಕೆ ನಂಗೇನು ಕಷ್ಟ?" ಸಹನ ಮಾಲೀಕನತ್ತ ತಿರುಗಿದಳು. "ಯಾರು ಓಡಿಸಬಹುದು ಅಂತ ನಾನು ಪರೀಕ್ಷೆ ಮಾಡಿ ಹೇಳ್ತೀನಿ ರವೀಂದ್ರ. ಬೆದರಿಸಿದ್ರೆ ಎಲ್ಲರೂ ಬಚ್ಚಿಡ್ತಾರೆ."

ರವೀಂದ್ರ ಕತ್ತು ಕೆರೆದುಕೊಂಡ. "ಔಷ್ದಿ ಖರ್ಚು ನಾನ್ ಕೊಡ್ತೀನಿ. ಸುಗರ್ ಹತೋಟಿಗೆ ಬರೋಗಂಟ ಡಿಪೋದಲ್ಲಿ ಕೆಲ್ಸ ಮಾಡು ಕಣ್ಲಾ ದೇವಯ್ಯ."

ಸಹನ ದೂರು ಕೊಡಲಿಲ್ಲ. ಚಿಕ್ಕಸ್ವಾಮಿಯ ಬೆರಳು ಚುಚ್ಚಿ ನೋಡಿ, ಸರಿ ಎಂದು ತಲೆಯಾಡಿಸಿದಳು. ಅವನೇ ಬಸ್ಸು ಹೊರಡಿಸಿದ.

* * *

ಕೆಲವು ತಿಂಗಳ ನಂತರ ಶ್ವೇತಳ ಜೀಪು ಕೆಟ್ಟಿತ್ತು. ಕೆ.ಆರ್.ಪೇಟೆ ಕೋರ್ಟಿಗೆ ಹೋಗಬೇಕಿತ್ತು. ಬಸ್ಸೊಂದು ಎದುರಿಗೆ ನಿಂತಿತು.

"ಅತ್ಕಳಿ ಮೇಡಮ್ಮೋರೆ," ದೇವಯ್ಯ ಕಿಟಕಿಯಿಂದ ನಕ್ಕ. "ಸರ್ಟಿಫಿಕೇಟಿಗೆ ಡಾಕ್ಟ್ರು ಸೈನ್ ಆಕವ್ರೆ."

ಅವಳು ಮುಂದಿನ ಸೀಟಿನಲ್ಲೇ ಕೂತಳು. ದಾರಿಯಲ್ಲಿ ಚಿನಕುರಳಿ ಊರು ಬರುವಷ್ಟರಲ್ಲಿ ಗಾಢ ನಿದ್ದೆಯಲ್ಲಿದ್ದಳು.