ಕಲ್ಲಿನ ಸವತಿ

ಅವನ ಹೆಬ್ಬೆರಳು ಆ ಹೆಂಗಸಿನ ಕೆನ್ನೆಯ ಮೇಲೆ ಆಡುತ್ತಿತ್ತು!

ಮೆಲ್ಲಗೆ... ಕಣ್ಣೀರು ಒರೆಸುವವನ ಹಾಗೆ. ಬ್ರಯೊನಿ ನಿಂತಲ್ಲೇ ನಿಂತಳು. ಪೇಪರ್ ಲೋಟದ ಚಹಾ ತುಳುಕಿ ಕೈ ಸುಟ್ಟಿತು. ಅವಳಿಗೆ ಅದು ತಿಳಿಯಲೇ ಇಲ್ಲ. ಒಳಗೆ ಅದಕ್ಕಿಂತ ಜೋರಾಗಿ ಉರಿಯುತ್ತಿತ್ತು.

ಹೆಂಗಸು ಕಲ್ಲಿನವಳು. ಇರಲಿ! ಕಲ್ಲಾದರೇನು, ಹೆಂಗಸಲ್ಲವೇ?

ಇಂಗ್ಲೆಂಡಿನ ಲಿಂಕನ್ ಎಂಬ ಊರಿನ ಕೆಥೆಡ್ರಲಿನ, ಆ ದೊಡ್ಡ ಚರ್ಚಿನ, ಕಲ್ಲುಕುಟಿಗರ ಅಂಗಳಕ್ಕೆ ಆ ಶನಿವಾರ ಯಾರು ಬೇಕಾದರೂ ಬರಬಹುದಿತ್ತು. ಕಟ್ಟಿದ ಹಗ್ಗದ ಈಚೆ ನೋಡುವವರು, ಆಚೆ ಕೆತ್ತುವವರು. ಆಚೆ ಇದ್ದವನು ಗ್ಯಾವಿನ್. ಕಳೆದ ಚಳಿಗಾಲದಲ್ಲಿ ಗ್ರಿಮ್ಸ್‌ಬಿಯ ತನ್ನ ಮನೆ ಬಾಗಿಲಲ್ಲಿ ನಿಂತು, "ಹೋಗು! ಆ ಇಮೋಜನ್ ಜೊತೆಗೇ ಸಾಯಿ!" ಎಂದು ಇವಳು ಅರಚಿ ಕಳಿಸಿದ ಗ್ಯಾವಿನ್.

ಆದದ್ದಾದರೂ ಏನು? ಅವನು ಮತ್ತು ಅವನ ಜೊತೆ ಕೆಲಸ ಮಾಡುವ ಇಮೋಜನ್, ಇಬ್ಬರೂ ಒಂದೇ ಬಂಡೆಯ ಮೇಲೆ ಕೂತು ನಗುತ್ತಿದ್ದ ಒಂದು ಫೋಟೊ. ಅಷ್ಟೇ. ಆವತ್ತೇ ಅವನ ನಂಬರ್ ಬ್ಲಾಕ್ ಮಾಡಿದವಳು, ಆಮೇಲೆ ದಿನಾ ರಾತ್ರಿ ಅದೇ ಫೋಟೊ ತೆಗೆದು ನೋಡುತ್ತ ಬೆಂದಳು.

"ಊರು ನೋಡ್ಕೊಂಡು ಬರ್ತೀನಿ. ಒಬ್ಬಳೇ. ನೆಮ್ಮದಿಯಾಗಿ," ಎಂದು ಮೀನಿನ ಫ್ಯಾಕ್ಟರಿಯ ಗೆಳತಿಯರಿಗೆ ಹೇಳಿ ರೈಲು ಹತ್ತಿದ್ದಳು. ನೆಮ್ಮದಿಯಂತೆ, ನೆಮ್ಮದಿ!

"ಒಬ್ಬರೇನಾ, ಬಾತುಮರಿ?" ಎಂದಳು ಲಿಂಕನ್ನಿನ ವಸತಿಗೃಹದ ಮುದುಕಿ. ಆ ಊರಿನಲ್ಲಿ ಎಲ್ಲರೂ ಎಲ್ಲರನ್ನೂ ಕರೆಯುವುದು ಹಾಗೆಯೇ. ಕೋಟೆಯ ಟಿಕೆಟ್ ಕೊಡುವವನೂ ಅದನ್ನೇ ಕೇಳಿದ. ಚಹಾದಂಗಡಿಯಲ್ಲಿ ಒಬ್ಬಳೇ ಎಂದು ಶೌಚಾಲಯದ ಪಕ್ಕದ ಮೇಜು ಕೊಟ್ಟರು. ಏರುಬೀದಿಯ ತುಂಬ ಜೋಡಿಗಳು, ಒಬ್ಬರನ್ನೊಬ್ಬರು ಎಳೆದುಕೊಂಡು ಹತ್ತುತ್ತಿದ್ದವು.

'ಗುಡ್ಡ ಹತ್ತೋಕೂ ಕೈ ಹಿಡ್ಕೋಬೇಕಾ ಇವುಗಳಿಗೆ?' ಎಂದು ಹಲ್ಲು ಕಡಿಯುತ್ತ ಏದುಸಿರಿನಲ್ಲಿ ಮೇಲೆ ಬಂದರೆ, ಇಲ್ಲಿ ಇದು...

"ಯಾರಪ್ಪಾ ಈ ಮಹಾತಾಯಿ?" ಹಗ್ಗದ ಈಚೆಯಿಂದ ಒಬ್ಬ ಅಜ್ಜ ಕೇಳಿದ.

"ನಮ್ಮವಳೇ," ಎಂದ ಗ್ಯಾವಿನ್, ತಲೆಯೆತ್ತದೆ.

ನಮ್ಮವಳು! ಚರ್ಚಿನ ಗೋಡೆಯಂಚಿನಲ್ಲಿ ಕೂರುವ ಕಲ್ಲಿನ ವಿಕಾರಮುಖಗಳಿಗೆ ತಮ್ಮವರ ಮುಖವನ್ನೇ ಕದ್ದು ಕೂರಿಸುವುದು ಈ ಕುಟಿಗರ ಚಾಳಿ ಎಂದು ಅವನೇ ಹಿಂದೆ ಹೇಳಿದ್ದ. ಹಾಗಾದರೆ ಇದು ಇಮೋಜನ್. ಮತ್ತಾರು?

"ಮೇಲೆ ಎಷ್ಟು ಕಾಲ ಇರ್ತಾಳೆ?"

"ಸೋಮವಾರ ಏರಿಸ್ತೀವಿ ತಾತ. ಐನೂರು ವರ್ಷಕ್ಕೇನೂ ಮೋಸ ಇಲ್ಲ."

ಐನೂರು ವರ್ಷ! 'ನನಗೆ ಎರಡು ವರ್ಷ ಕೊಟ್ಟ. ಅವಳಿಗೆ ಐನೂರು...'

ಅವಳು ಹಗ್ಗದ ಕೆಳಗೆ ನುಸುಳಿದ್ದು ಅವಳಿಗೇ ಗೊತ್ತಾಗಲಿಲ್ಲ.

"ಏನ್ ಚೆನ್ನಾಗಿ ಸವರ್ತಿದೀಯಪ್ಪಾ!"

ಗ್ಯಾವಿನ್‌ನ ಕೈಯಿಂದ ಉಳಿ ಜಾರಿತು. ಮುಖದ ಮೇಲಿನ ಬಿಳಿ ಪುಡಿಯೊಳಗೆ ಕಣ್ಣು ಮಾತ್ರ ಹೊಳೆದವು. "ಬ್ರಯೊನಿ...? ನೀನು... ಇಲ್ಲಿ?"

"ಊರು ನೋಡೋಕೆ ಬಂದೆ. ನಿನ್ನ ನೋಡೋಕಲ್ಲ!"

"ಮ್ಯೂಸಿಯಮ್ ಅಂದ್ರೆ ಆಕಳಿಸೋ ನೀನು, ಊರು ನೋಡೋಕೆ?"

"ಹೌದು! ನೋಡಿದೆ! ಕೋಟೆ ನೋಡಿದೆ, ಚರ್ಚ್ ನೋಡಿದೆ, ಈಗ ನಿನ್ನ ಹೆಂಗಸನ್ನೂ ನೋಡಿದೆ! ಥೂ, ಎಂಥ ಮುಖವೋ ಅದು! ಮೂಗು ನೋಡು, ಹುಬ್ಬು ನೋಡು... ಮೀನು ಕದ್ದ ಬೆಕ್ಕು! ಇವಳಿಗೋಸ್ಕರ ನನ್ನ ಬಿಟ್ಯಾ?"

"ಬಿಟ್ಟಿದ್ದು ನೀನು..."

"ನಡುವೆ ಬಾಯಿ ಹಾಕ್ಬೇಡ!"

ಆಗ ಪಕ್ಕದ ಕಲ್ಲಿನ ಹಿಂದಿನಿಂದ ಒಬ್ಬಳು ಎದ್ದಳು. ಬಡಕಲು ಮೈ, ಕೆನ್ನೆ ತುಂಬ ಚುಕ್ಕೆ, ಕಿವಿಯ ಸಂದಿಯಲ್ಲಿ ಪೆನ್ಸಿಲ್. ಫೋಟೊದ ಇಮೋಜನ್! ಬ್ರಯೊನಿಯ ಎಡಹುಬ್ಬು ಹಣೆಗೇರಿತು. ಮೂಗಿನ ಹೊಳ್ಳೆ ಅರಳಿತು. ಕೆಳತುಟಿ ಒಂದು ಕಡೆಗೆ ಎಳೆದುಕೊಂಡಿತು.

"ಹಾಗೇ ಇರಿ! ಅಲ್ಲಾಡ್ಬೇಡಿ!" ಇಮೋಜನ್ ಕೂಗಿದಳು. "ಅಯ್ಯಯ್ಯೋ ಗ್ಯಾವಿನ್, ನೀನೇ ಗೆದ್ದೆ ಕಣೋ! ಮನುಷ್ಯರ ಹುಬ್ಬು ಅಷ್ಟು ಮೇಲೆ ಹೋಗಲ್ಲ ಅಂತ ನಿನ್ನ ಹತ್ರ ಜಗಳ ಆಡಿದ್ನಲ್ಲ... ಹೋಗುತ್ತೆ!"

ಅಜ್ಜ ಬ್ರಯೊನಿಯನ್ನು ನೋಡಿದ. ಕಲ್ಲನ್ನು ನೋಡಿದ. ಮತ್ತೆ ಬ್ರಯೊನಿಯನ್ನು ನೋಡಿದ. ಫಕ್ಕನೆ ನಕ್ಕ. ಹಗ್ಗದುದ್ದಕ್ಕೂ ನಗು ಹಬ್ಬಿತು.

ಬ್ರಯೊನಿಗೆ ತಟ್ಟನೆ ಅರ್ಥವಾಗಲಿಲ್ಲ. ಸಿಟ್ಟಿನಲ್ಲಿರುವ ತನ್ನ ಮುಖವನ್ನು ಕನ್ನಡಿಯಲ್ಲಿ ಕಂಡವರುಂಟೇ? ಅವಳು ತಿರುಗಿ ಕಲ್ಲನ್ನು ನೋಡಿದಳು. ಮೇಲೇರಿದ ಎಡಹುಬ್ಬು... ಎಳೆದ ತುಟಿ... ಗಲ್ಲದ ಕೆಳಗೆ, ತಾನು ಚಿಕ್ಕಂದಿನಲ್ಲಿ ಬಿದ್ದು ಆದ ಗಾಯದ್ದೇ ಗೆರೆ.

ಅವಳ ಕೈ ತಾನಾಗಿ ಗಲ್ಲಕ್ಕೆ ಹೋಯಿತು.

"ಇದು... ನಾನಾ?" ದನಿ ಕುಗ್ಗಿತು. ಮರುಕ್ಷಣವೇ ಏರಿತು. "ನನ್ನ ರಾಕ್ಷಸಿ ಮಾಡಿದ್ಯಾ? ಊರೆಲ್ಲ ಕತ್ತೆತ್ತಿ ನಗಲಿ ಅಂತಾನಾ?"

ಅಪಮಾನದಿಂದ ಕಣ್ಣು ತುಂಬಿತು. ಗ್ಯಾವಿನ್ ಅವಳ ಎದುರಿಗೆ ಬಂದು ನಿಂತ. ಅವನೂ ಈಗ ಸಿಡಿದ.

"ಮತ್ತೇನು ಮಾಡ್ಲಿ? ಫೋನ್ ಎತ್ತಲ್ಲ. ಮನೆಗೆ ಬಂದ್ರೆ ಬಾಗಿಲು ತೆಗೆಯಲ್ಲ. ನಿನ್ನ ನಗು ನೆನಪಿಸ್ಕೊಳ್ಳೋಕೆ ಕಣ್ಣು ಮುಚ್ಚಿದ್ರೆ ಬರ್ತಾ ಇರ್ಲಿಲ್ಲ ಬ್ರಯೊನಿ! ಬರ್ತಿದ್ದಿದ್ದು ಇದೇ ಮುಖ. ಬಾಗಿಲಲ್ಲಿ ನಿಂತಿದ್ದ ಮುಖ. ನನಗೋಸ್ಕರ ಇಷ್ಟು ಉರಿದವರು ಇನ್ಯಾರೂ ಇಲ್ಲ... ಹೆತ್ತವಳೂ ಉರಿದಿರ್ಲಿಲ್ಲ. ಇದನ್ನೂ ಮರೆತುಬಿಟ್ರೆ ಅಂತ ಹೆದರಿ ಕಲ್ಲಿಗಿಳಿಸಿದೆ."

ಯಾರೂ ನಗಲಿಲ್ಲ. ಇಮೋಜನ್ ಆಚೆ ಸರಿದಳು.

ಗ್ಯಾವಿನ್ ಸುತ್ತಿಗೆ ಎತ್ತಿ ಬ್ರಯೊನಿಯ ಕೈಗಿಟ್ಟ.

"ಬೇಡ ಅಂದ್ರೆ ಒಡೆದುಬಿಡು. ಮೂಗಿಗೆ ಒಂದೇ ಏಟು ಸಾಕು. ಆದ್ರೆ ಒಡೆದ ಮೇಲೆ ಹೊರಟುಹೋಗು... ಇನ್ನೊಂದು ಸಲ ನಿನ್ನ ಕಾಯೋ ಶಕ್ತಿ ನನಗಿಲ್ಲ."

ಸುತ್ತಿಗೆ ಭಾರವಾಗಿತ್ತು. ಅವಳು ಎತ್ತಿದಳು. ಕಲ್ಲಿನವಳು ಕೆಕ್ಕರಿಸಿ ನೋಡುತ್ತಿದ್ದಳು. 'ಎಷ್ಟು ಹೆದರಿದಾಳೆ ಇವಳು,' ಎನ್ನಿಸಿತು ಬ್ರಯೊನಿಗೆ. 'ಇದು ಸಿಟ್ಟಲ್ಲ... ಕಳ್ಕೊಳ್ಳೋ ಭಯ. ಇವನಿಗೆ ಅದೂ ಕಂಡಿದೆ.'

ಸುತ್ತಿಗೆ ಕೆಳಗಿಳಿಯಿತು. ಅವಳು ಅವನ ಅಂಗಿಗೆ ಮುಖ ಒತ್ತಿ ಬಿಕ್ಕಿದಳು. ಕಲ್ಲಿನ ಪುಡಿಯೆಲ್ಲ ಅವಳ ಕೆನ್ನೆಗೆ ಮೆತ್ತಿತು.

"ತಪ್ಪಾಯ್ತು ಕಣೋ... ಬರೀ ಫೋಟೊ ನೋಡಿ..."

"ಆವತ್ತು ಅವಳಿಗೆ ನಿನ್ನ ವಿಷಯಾನೇ ಹೇಳ್ತಿದ್ದೆ. ಅದಕ್ಕೇ ನಗ್ತಿದ್ವಿ."

ಆಮೇಲೆ ಅವಳು ಮೂಗು ಒರೆಸಿಕೊಂಡು ತಲೆಯೆತ್ತಿದಳು.

"ಮೇಲೆ ಇವಳ ಪಕ್ಕದಲ್ಲಿ ಯಾರಿರ್ತಾರೆ?"

"ಜಾಗ ಖಾಲಿ ಇದೆ."

"ಅಲ್ಲಿ ನಿನ್ನ ಮುಖ ಇರಬೇಕು."

"ನಮ್ಮ ಮುಖ ನಾವೇ ಕೆತ್ಕೊಳ್ಳೋ ಹಾಗಿಲ್ಲ. ಇಮೋಜನ್‌ಗೆ ಹೇಳ್ತೀನಿ, ಅವಳು ಕೆತ್ತಿ..."

"ಬೇಡ! ಅವಳು ನಿನ್ನ ಮುಖಾನ ಅಷ್ಟೊತ್ತು ನೋಡೋದು ಬೇಡ. ನಾನೇ ಕೆತ್ತುತ್ತೀನಿ."

"ಹುಚ್ಚಿ, ಇದನ್ನ ಕಲಿಯೋಕೆ ವರ್ಷಗಟ್ಟಲೆ ಇಲ್ಲೇ ಇರ್ಬೇಕಾಗುತ್ತೆ."

ಅವಳು ಸುತ್ತಿಗೆಯನ್ನು ಅವನಿಗೆ ಹಿಂದಿರುಗಿಸಲಿಲ್ಲ.

"ಉಳಿ ಹಿಡಿಯೋದು ಹೇಗೆ ತೋರಿಸು."