ಭಾನುವಾರ ಕರಗುತ್ತಿದ್ದ ಬೋಲಿ

ಕರೆಂಟ್ ಬಿಲ್ಲು ಕೈಗೆ ಬಂದ ಹತ್ತೇ ನಿಮಿಷಕ್ಕೆ ಬೆತ್ಸಾಬೆ ತನ್ನ ಸೊಸೆಯ ಬಟ್ಟೆಗಂಟನ್ನು ತಂದು ವಠಾರದ ಅಂಗಳಕ್ಕೆ ಎಸೆದಳು. ಸೋಮವಾರ ಬೆಳಗ್ಗೆ ಎಂಟು ಗಂಟೆ. ಬಾರಂಕಿಯಾ ನಗರದ ಬಿಸಿಲು ಆಗಲೇ ನೆತ್ತಿ ಸುಡುತ್ತಿತ್ತು. ಎದುರು ಮನೆಯಲ್ಲಿ ಬಟ್ಟೆ ಹೊಲಿಯುತ್ತಿದ್ದ ನೂಬಿಯಾ ಮಿಷನ್ ಬಿಟ್ಟು ಹೊರಗೆ ಬಂದಳು.

"ಕದ್ದುಮುಚ್ಚಿ ಊರವರ ಬಟ್ಟೆಗೆ ಇಸ್ತ್ರಿ ಹಾಕಿ ದುಡ್ಡು ಮಾಡ್ಕೊತಿದಾಳೆ ಈ ಕಳ್ಳಿ," ಎಂದಳು ಬೆತ್ಸಾಬೆ. "ಇಲ್ದಿದ್ರೆ ನಾಲ್ಕೇ ತಿಂಗಳಲ್ಲಿ ಬಿಲ್ಲು ಎರಡರಷ್ಟು ಹೇಗಾಗತ್ತೆ? ಸಂಜೆ ಬಸ್ಸಿಗೆ ತೌರಿಗೆ ಹೋಗ್ಲಿ."

ಸೊಸೆ ಯುರ್ಲೇದಿಸ್ ಗಂಟನ್ನು ಮುಟ್ಟಲಿಲ್ಲ. "ಇಸ್ತ್ರಿ ಪೆಟ್ಟಿಗೆ ನಿಮ್ಮ ಟ್ರಂಕಲ್ಲಿದೆ ಅತ್ತೆ. ಬೀಗದ ಕೈ ನಿಮ್ಮ ಕೊರಳಲ್ಲಿದೆ. ನಾನೇನು ಅಂಗೈಲಿ ಇಸ್ತ್ರಿ ಹಾಕ್ಲಾ?"

ಅವಳ ಗಂಡ ನದಿಯ ಸರಕು ದೋಣಿಯಲ್ಲಿ ದುಡಿಯಲು ಹೋದವನು ಕ್ರಿಸ್ಮಸ್‌ವರೆಗೆ ಬರುವಂತಿರಲಿಲ್ಲ. ತೌರೆಂದರೆ ಏಳು ಜನ ಮಲಗುವ ಒಂದು ಕೋಣೆ. ಅಲ್ಲಿಗೆ ಕಳ್ಳಿ ಎಂಬ ಹೆಸರು ಹೊತ್ತು ಹೋಗಬೇಕಿತ್ತು. ನೂಬಿಯಾಳಿಗೆ ಮೈಯೆಲ್ಲ ಉರಿದುಹೋಯಿತು.

ಉಳಿತಾಯದಲ್ಲಿ ಬೆತ್ಸಾಬೆಯನ್ನು ಮೀರಿಸುವವರು ಆ ಬೀದಿಯಲ್ಲಿ ಇರಲಿಲ್ಲ, ಅದು ನಿಜ. ಕಾಳು ಒಂದು ಕುದಿ ಬಂದೊಡನೆ ಒಲೆ ಆರಿಸಿ, ಪಾತ್ರೆಯನ್ನು ಹಳೆ ಕಂಬಳಿಯಲ್ಲಿ ಸುತ್ತಿಟ್ಟು ಬೇಯಿಸುವಳು. ಬಟ್ಟೆ ಒಗೆದ ನೀರಲ್ಲಿ ನೆಲ ತೊಳೆಯುವಳು. ಮಾರುಕಟ್ಟೆ ಮುಚ್ಚುವ ಹೊತ್ತಿಗೆ ಹೋಗಿ ಉಳಿದ ಬಾಳೆಕಾಯಿ ಅರ್ಧ ಬೆಲೆಗೆ ತರುವಳು. ಪೊಟ್ಟಣದ ಹಗ್ಗವನ್ನು ಜನ್ಮದಲ್ಲಿ ಕತ್ತರಿಸಿದವಳಲ್ಲ. ಗಂಟು ಬಿಚ್ಚಿ, ಸುತ್ತಿ, ಡಬ್ಬಿಗೆ ಹಾಕಿಡುವಳು. ಈಚೆಗೆ ಮೂರು ಭಾನುವಾರದಿಂದ ಮನೆಮಂದಿಯೆಲ್ಲ ಚರ್ಚಿಗೆ ಹೊರಟಾಗ ಮೇನ್ ಸ್ವಿಚ್ಚನ್ನೇ ಆರಿಸಿ, ತಂಗಿಯ ಮನೆಯಲ್ಲಿ ಊಟ ಮುಗಿಸಿ ಬಂದು ಸಂಜೆ ಐದಕ್ಕೆ ಹಾಕುತ್ತಿದ್ದಳು. ಫ್ರಿಜ್ಜಿನ ಬಾಗಿಲು ತೆಗೆಯದಿದ್ದರೆ ತಂಪು ಎಲ್ಲಿಗೆ ಓಡಿಹೋಗುತ್ತದೆ ಎಂಬುದು ಅವಳ ವಾದ. ಇಷ್ಟೆಲ್ಲ ಮಾಡಿದವಳ ಬಿಲ್ಲು ಏರಿದರೆ ಹೊಟ್ಟೆ ಉರಿಯುವುದು ಸಹಜವೇ. ಆ ಉರಿಗೆ ಸೊಸೆಯೇ ಬೇಕಿತ್ತೇ?

ಗಲಾಟೆ ಕೇಳಿ ಪಕ್ಕದ ಮನೆಯ ಅನ್ಸೆಲ್ಮೊ ಬಂದ. ಹಣ್ಣಿನ ರಸವನ್ನು ಉದ್ದನೆಯ ಪ್ಲಾಸ್ಟಿಕ್ ಚೀಲದಲ್ಲಿ ಗಡ್ಡೆ ಕಟ್ಟಿಸಿ ಬೋಲಿ ಮಾಡಿ ಮಾರುವವನು. ಅವನ ಹಳೆಯ ಐಸ್ ಪೆಟ್ಟಿಗೆಯ ಗುಂಯ್‌ಗುಡುವ ಸದ್ದು ಹಗಲಿಡೀ ವಠಾರಕ್ಕೆಲ್ಲ ಕೇಳುತ್ತಿತ್ತು. ಮೀಟರಿನ ಪಕ್ಕ ನೀರಿನ ಬಾಟಲಿ ಇಟ್ಟರೆ ಬಿಲ್ಲು ಇಳಿಯುತ್ತದೆಂದು ಎಲ್ಲರಿಗೂ ಹೇಳಿಕೊಟ್ಟವನೂ ಅವನೇ.

"ಬಡವರ ಮನೇಲಿ ಶಿಸ್ತಿರ್ಬೇಕು ಬೆತ್ಸಾಬೆ," ಎಂದು ತಲೆಯಾಡಿಸಿದ. "ಈಗಿನ ಹುಡುಗೀರಿಗೆ ಅದೆಲ್ಲಿ ಬರ್ಬೇಕು."

"ನಿಮ್ಮ ಬೋಲಿಗೆ ಮೊದಲು ಶಿಸ್ತು ಕಲಿಸಿ," ಎಂದಳು ನೂಬಿಯಾ. "ನಿನ್ನೆ ಸಂಜೆ ತಗೊಂಡಿದ್ದು ಬರೀ ನೀರು. ಸೋರಿ ಬಿಳಿ ರೇಷ್ಮೆ ಬಟ್ಟೆ ಹಾಳಾಯ್ತು. ಅದರ ಹಿಂದಿನ ಎರಡು ಭಾನುವಾರಾನೂ ಇದೇ ಕತೆ."

"ಭಾನುವಾರ ವೋಲ್ಟೇಜ್ ಇಳಿಸ್ತಾರಮ್ಮ. ನಾನು ಡಾಮಿನೋಸ್ ಆಡೋಕೆ ಹೋಗಿ ಬರೋ ಹೊತ್ತಿಗೆ ಎಲ್ಲಾ ಮೆತ್ತಗಾಗಿರತ್ತೆ."

"ನನ್ನ ಫ್ಯಾನು ಬೆಳಗಿಂದ ಗಿರಗಿರ ತಿರುಗ್ತಾನೇ ಇತ್ತಲ್ಲ?"

ಅಷ್ಟರಲ್ಲಿ ಮೊದಲನೇ ಮನೆಯ ಓತಿಲಿಯಾ ಟೀಚರ್ ಬಾಗಿಲಿಗೆ ಬಂದಿದ್ದರು. ಮೂವತ್ತು ವರ್ಷ ಮಕ್ಕಳ ಸುಳ್ಳು ಕೇಳಿ ಪಳಗಿದ ಹೆಂಗಸು. ಕಳೆದುಹೋದ ಕೋಳಿಯಿಂದ ಹಿಡಿದು ಓಡಿಹೋದ ಗಂಡನವರೆಗೆ ವಠಾರದ ಪ್ರತಿ ಒಗಟೂ ಅವರ ಬಾಗಿಲಿಗೇ ಬರುತ್ತಿತ್ತು. ಜೊತೆಗೆ ನೂಬಿಯಾ ಇದ್ದೇ ಇರುತ್ತಿದ್ದಳು.

"ಬೆತ್ಸಾಬೆ, ಬಸ್ಸು ಎಷ್ಟು ಗಂಟೆಗೆ?" ಎಂದು ಕೇಳಿದರು.

"ಐದಕ್ಕೆ, ಟೀಚರ್."

"ಹಾಗಾದ್ರೆ ನಾಲ್ಕಕ್ಕೆ ಎಲ್ರೂ ಇಲ್ಲೇ ಸೇರಿ. ಅಲ್ಲಿವರೆಗೆ ಆ ಗಂಟು ಯಾರೂ ಮುಟ್ಬೇಡಿ."

ಟೀಚರ್ ನೂಬಿಯಾಳನ್ನು ಕರೆದುಕೊಂಡು ಹೆಬ್ಬಾಗಿಲ ಓಣಿಗೆ ಹೋದರು. ಅಲ್ಲಿನ ಗೋಡೆಯ ಆರು ಗೂಡುಗಳಲ್ಲಿ ಆರು ಮನೆಯ ಮೀಟರು, ಮೇನ್ ಸ್ವಿಚ್ಚು. "ಬಾಟಲಿ ಎಣಿಸು," ಎಂದರು.

ಐದಿದ್ದವು. ಅನ್ಸೆಲ್ಮೊನ ಗೂಡು ಖಾಲಿ. ನಾಲ್ಕು ಬಾಟಲಿ ಸಣ್ಣವು, ತಿಳಿನೀರಿನವು. ಬೆತ್ಸಾಬೆಯದು ಮಾತ್ರ ದೊಡ್ಡದು; ನೀಲಿ ಕಲಸಿದ ನೀರು, ಆಚೆಗಿನದು ಏನೂ ಕಾಣದು. ನೂಬಿಯಾ ಕೈ ಚಾಚಿದಾಗ ಟೀಚರ್ ತಡೆದರು. "ಈಗ ಬೇಡ. ಎಲ್ಲರೆದುರಿಗೆ."

ನಾಲ್ಕಕ್ಕೆ ಆರು ಮನೆಯವರೂ ಕೂಡಿದರು. ಯುರ್ಲೇದಿಸ್ ಗಂಟಿನ ಪಕ್ಕ ನೆಟ್ಟಗೆ ನಿಂತಿದ್ದಳು. ಅನ್ಸೆಲ್ಮೊ ಬಾಗಿಲಿಗೆ ಒರಗಿದ್ದ.

"ಬೆತ್ಸಾಬೆ," ಎಂದರು ಟೀಚರ್, "ಇಸ್ತ್ರಿ ಪೆಟ್ಟಿಗೆ ಟ್ರಂಕು ಸೇರಿ ಎಷ್ಟು ದಿನ ಆಯ್ತು?"

"ಎರಡು ತಿಂಗಳು."

"ಆಮೇಲೂ ಬಿಲ್ಲು ಏರಿತು. ಅಂದ್ರೆ ಕರೆಂಟು ಹೋಗ್ತಿದ್ದಿದ್ದು ಇಸ್ತ್ರಿಗಲ್ಲ. ಏರೋಕೆ ಶುರುವಾಗಿದ್ದು ಯಾವಾಗ?"

"ನಾಲ್ಕು ತಿಂಗಳ ಹಿಂದೆ. ಅದಕ್ಕೇ ಅನ್ಸೆಲ್ಮೊ ಪಾಪ ದೊಡ್ಡ ಬಾಟಲಿ ತಂದಿಟ್ಟಿದ್ದು…" ಬೆತ್ಸಾಬೆ ತಡವರಿಸಿದಳು. "ಅಲ್ಲ. ಬಾಟಲಿ ಮೊದಲು ಬಂತು. ಬಿಲ್ಲು ಆಮೇಲೆ."

"ಅದರ ನೀರು ಬದಲಾಯಿಸೋದು ಯಾರು?"

"ಅವ್ರೇ. ಬೇರೆಯವರು ಮುಟ್ಟಿದ್ರೆ ಶಕ್ತಿ ಹೋಗತ್ತಂತೆ."

"ಊರಿಗೆಲ್ಲ ಬಾಟಲಿ ಹಂಚಿದವರ ಮೀಟರ್ ಹತ್ರಾನೇ ಬಾಟಲಿ ಇಲ್ಲ. ನಿಮ್ಮದಕ್ಕೆ ಮಾತ್ರ ನೀಲಿ ನೀರು. ಇಲ್ಲಿಗೆ ಅನುಮಾನ ಬಂತು. ಗಟ್ಟಿ ಮಾಡಿದ್ದು ನೂಬಿಯಾಳ ಬೋಲಿ. ಮೂರು ಭಾನುವಾರ ಬೋಲಿ ಕರಗಿತು. ವಠಾರದಲ್ಲಿ ಉಳಿದವರ ಫ್ಯಾನೆಲ್ಲ ತಿರುಗ್ತಿತ್ತು. ಅದೇ ಮೂರು ಭಾನುವಾರ ಈ ವಠಾರದಲ್ಲಿ ಆರಿದ್ದು ಒಂದೇ ಸ್ವಿಚ್ಚು."

"ನಂದು," ಎಂದಳು ಬೆತ್ಸಾಬೆ.

"ಏನೇನೋ ಕಟ್ತೀರಾ ಟೀಚರ್," ಎಂದು ಅನ್ಸೆಲ್ಮೊ ನಕ್ಕ.

"ಕಟ್ಟೋದು ಬೇಡ, ಕೇಳಿಸ್ಕೊಳ್ಳೋಣ. ಬೆತ್ಸಾಬೆ, ಹೋಗಿ ನಿಮ್ಮ ಮೇನ್ ಸ್ವಿಚ್ ಆರಿಸಿ ಬನ್ನಿ."

ಬೆತ್ಸಾಬೆ ಓಣಿಗೆ ಹೋದಳು. ಟಕ್ ಎಂದಿತು. ಅನ್ಸೆಲ್ಮೊನ ಮನೆಯೊಳಗೆ ಗುಂಯ್‌ಗುಡುತ್ತಿದ್ದ ಐಸ್ ಪೆಟ್ಟಿಗೆ ಒಮ್ಮೆ ನಡುಗಿ ಸುಮ್ಮನಾಯಿತು. ನೂಬಿಯಾ ಓಡಿಹೋಗಿ ನೀಲಿ ಬಾಟಲಿಯನ್ನು ಎತ್ತಿದಳು. ಅದರ ಹಿಂದೆ ಸ್ವಿಚ್ ಪೆಟ್ಟಿಗೆಯ ಬದಿಯಿಂದ ಒಂದು ಕಪ್ಪು ವಯರು ಹೊರಟು, ಗೋಡೆಯ ತೂತಿನಲ್ಲಿ ಅನ್ಸೆಲ್ಮೊನ ಮನೆಗೆ ಇಳಿದಿತ್ತು.

"ಬೇಸಿಗೆ ಮುಗಿಯೋವರೆಗೆ ಅಷ್ಟೇ ಅಂದ್ಕೊಂಡಿದ್ದೆ," ಎಂದ ಅನ್ಸೆಲ್ಮೊ, ನೆಲ ನೋಡುತ್ತ. "ನಾಲ್ಕು ತಿಂಗಳದ್ದೂ ಕೊಟ್ಬಿಡ್ತೀನಿ."

"ಕೊಡದೆ ಎಲ್ಲಿಗೆ ಹೋಗ್ತೀರಿ," ಎಂದರು ಟೀಚರ್. ಅವರ ದನಿ ಏರಿದ್ದನ್ನು ನೂಬಿಯಾ ಅಂದೇ ಮೊದಲು ಕೇಳಿದ್ದು. "ಹೆಂಗಸೊಬ್ಬಳು ಕಾಳು ಬೇಯಿಸೋ ಬೆಂಕೀಲೂ ಉಳಿಸಿದ್ಲು. ನೀವು ಅದನ್ನ ಬೋಲಿ ಮಾಡಿ ಊರಿಗೆಲ್ಲ ಮಾರಿದ್ರಿ. ಈ ಹುಡುಗೀನ ಕಳ್ಳಿ ಅಂದಾಗ ಪಕ್ಕದಲ್ಲೇ ನಿಂತು ತಲೆಯಾಡಿಸಿದ್ರಿ. ಕರೆಂಟಿಗೆ ದುಡ್ಡು ಕೊಡ್ತೀರಿ. ಇದಕ್ಕೆ ಏನು ಕೊಡ್ತೀರಿ?"

ಬೆತ್ಸಾಬೆ ಓಣಿಯಿಂದ ಮೆಲ್ಲಗೆ ಬಂದು, ಕೊರಳಿನ ಬೀಗದ ಕೈ ತೆಗೆದು ಸೊಸೆಯತ್ತ ಚಾಚಿದಳು. ಯುರ್ಲೇದಿಸ್ ತೆಗೆದುಕೊಳ್ಳಲಿಲ್ಲ.

"ಬೆಳಗ್ಗೆ ಎಲ್ರ ಮುಂದೆ ಅಂದ್ರಿ ಅತ್ತೆ. ಈಗ್ಲೂ ಎಲ್ರೂ ಇದಾರೆ."

ಬೆತ್ಸಾಬೆ ಒಬ್ಬೊಬ್ಬರ ಮುಖವನ್ನೂ ನೋಡಿದಳು. "ನನ್ನ ಸೊಸೆ ಕಳ್ಳಿ ಅಲ್ಲ," ಎಂದಳು. "ತಪ್ಪು ನಂದು."

ಆಮೇಲೆ ನೆಲದ ಮೇಲೆ ಕೂತು ಬಟ್ಟೆಗಂಟಿನ ಹಗ್ಗ ಬಿಚ್ಚತೊಡಗಿದಳು. ಬೆಳಗ್ಗೆ ಸಿಟ್ಟಿನಲ್ಲಿ ಬಿಗಿದ ಗಂಟು. ಎಳೆದಷ್ಟೂ ಬಿಗಿಯಿತು, ಬಿಚ್ಚಲಾಗಲಿಲ್ಲ. "ನೂಬಿಯಾ, ಕತ್ತರಿ ಕೊಡೆ," ಎಂದಳು.

ನೂಬಿಯಾ ಕೊಟ್ಟಳು. ಬೆತ್ಸಾಬೆ ಕತ್ತರಿಸಿದಳು. ಹಗ್ಗ ಎರಡು ತುಂಡಾಗಿ ಬಿತ್ತು. ಅವಳು ಅದನ್ನು ಎತ್ತಿಕೊಳ್ಳದೆ, ಸೊಸೆಯ ಬಟ್ಟೆಗಳನ್ನು ಎದೆಗವಚಿಕೊಂಡು ಒಳಗೆ ಹೋದಳು.