ದಣಿದ ದನಿ

"ಪೇಷಂಟ್ ಕಡೆಯವರು ದಯವಿಟ್ಟು ಹೊರಗೆ ಕೂತ್ಕೊಳ್ಳಿ. ನೀವು ಹೀಗೆ ಮಾತಾಡ್ತಾ ಇದ್ರೆ ಅವರೂ ಮಾತಾಡ್ತಾರೆ, ಗಂಟಲು ಇನ್ನೂ ಕೆಡುತ್ತೆ."

ಆಸ್ಪತ್ರೆಯ ಧ್ವನಿ ಚಿಕಿತ್ಸಾ ವಿಭಾಗದ ಬಾಗಿಲಲ್ಲಿ ನಿಂತು ಅಲ್ಲಿನ ಥೆರಪಿಸ್ಟ್ ಗದರಿದಳು. ಮುದುಕರೊಬ್ಬರ ಕೈ ಹಿಡಿದು ಸಮಾಧಾನ ಹೇಳುತ್ತಿದ್ದ ಎತ್ತರದ ಮನುಷ್ಯ ತಲೆಯೆತ್ತಿದ.

"ಇವರು ಯಾರೋ ನನಗೆ ಗೊತ್ತಿಲ್ಲ," ಎಂದ. ದನಿ ಹರಿದ ಬಟ್ಟೆಯಂತಿತ್ತು. "ಪೇಷಂಟ್ ನಾನೇ."

ಅವಳ ಕೆನ್ನೆ ಬಿಸಿಯಾಯಿತು. ಅವನು ನಕ್ಕ. ಆದರೆ ಆ ನಗು ಕಣ್ಣಿನವರೆಗೆ ಬರುವಷ್ಟರಲ್ಲಿ ಎಲ್ಲೋ ಸುಸ್ತಾಗಿ ಕೂತುಬಿಟ್ಟಿತು.

ಹತ್ತಿರದ ಚರ್ಚಿನ ಪಾಸ್ಟರ್ ಅವನು. ಉಪದೇಶದ ನಡುವೆಯೇ ದನಿ ಕೈಕೊಡುತ್ತಿತ್ತು. ಪರೀಕ್ಷಿಸಿದ ವೈದ್ಯರಿಗೆ ಗಂಟಲಲ್ಲಿ ಯಾವ ದೋಷವೂ ಸಿಕ್ಕಿರಲಿಲ್ಲ.

"ಒಂದು ವಾರ ಮೌನ," ಎಂದಳು ಅವಳು.

ಅವನ ಹುಬ್ಬು ಹಣೆಯ ತುದಿಗೇರಿತು. ಅಷ್ಟರಲ್ಲಿ ಜೇಬಿನ ಫೋನ್ ಗುನುಗಿತು, ಮೇಜಿನ ಕೆಳಗೆ ಅವನ ಮಂಡಿ ಕುಣಿಯಿತು.

"ಕಾಲಿಗೂ ಮೌನ," ಎಂದಳು.

ಆ ವಾರ ಅವನು ಕಣ್ಣಲ್ಲೇ ಮಾತಾಡಿದ. ಒಂದು ಹುಬ್ಬು ಏರಿದರೆ ಸಂಶಯ, ಎರಡೂ ಏರಿದರೆ ತಕರಾರು. ಅವಳ ಜೋಕು ಚೆನ್ನಾಗಿಲ್ಲದಿದ್ದರೆ ಪಾಪ ಎನ್ನುವಂತೆ ಕಣ್ಣು ಮುಚ್ಚುತ್ತಿದ್ದ. ಅವನು ಬರುವ ದಿನ ಅವಳು ಮುಂಜಾನೆಯಿಂದಲೇ ಕುರ್ಚಿಗಳನ್ನು ಅತ್ತಿತ್ತ ಸರಿಸುತ್ತಿದ್ದಳು. ಯಾಕೆಂದು ತನ್ನನ್ನೇ ಕೇಳಿಕೊಂಡಳು. ಉತ್ತರ ಹೊಳೆದೊಡನೆ ಮತ್ತೆ ಕುರ್ಚಿ ಸರಿಸಿದಳು.

ವಾರ ಮುಗಿಯಿತು. ಪತ್ರಿಕೆ ಕೊಟ್ಟು ಓದಿಸಿದಳು. ಹವಾಮಾನ, ಆಟೋಟ, ಎಲ್ಲ ಗಂಟೆ ಬಾರಿಸಿದಂತೆ ಸ್ಪಷ್ಟ.

"ಈಗ ದಿನಾ ಹೇಳೋ ಒಂದು ಪ್ರಾರ್ಥನೆ ಹೇಳಿ."

ಮೊದಲ ಪದಕ್ಕೇ ದನಿ ಕತ್ತರಿಸಿಹೋಯಿತು. ಅವನು ಎದ್ದು ಕಿಟಕಿಯ ಬಳಿ ಹೋದ, ವಾಪಸು ಬಂದ, ಮತ್ತೆ ಹೋದ.

"ಬೆಳಗ್ಗೆ ಸಮಾಧಿ ಹತ್ರ ನಿಂತಿರ್ತೀನಿ, ಮಧ್ಯಾಹ್ನ ಮದುವೆ ಮಾಡಿಸ್ತೀನಿ. ಸಂಜೆ ಯಾರದೋ ಮನೆ ಜಗಳ. ಎಲ್ಲರ ಮುಂದೆನೂ ಬಾಯಿ ಮಾತಾಡುತ್ತೆ, ಒಳಗೆ ಮಾತ್ರ ಏನೂ ಇಲ್ಲ. ಖಾಲಿ ಕೊಡ."

"ನಿಮಗೋಸ್ಕರ ಪ್ರಾರ್ಥನೆ ಮಾಡೋರು ಯಾರು?"

ಅತ್ತಿತ್ತ ನಡೆಯುತ್ತಿದ್ದವನು ನಿಂತ. "ಆ ಪ್ರಶ್ನೆ ಯಾರೂ ಕೇಳಿಲ್ಲ."

"ಇದನ್ನ ನಿಮ್ಮ ಚರ್ಚಿನ ಸಭೆಯವರಿಗೆ ಹೇಳಿಬಿಡಿ."

"ಪಾಸ್ಟರೇ ಕುಸಿದು ಬಿದ್ರೆ ಅವರು ಯಾರನ್ನ ಹಿಡ್ಕೊಳ್ತಾರೆ?"

"ಒಬ್ಬರನ್ನೊಬ್ಬರು. ಜೊತೆಗೆ ನಿಮ್ಮನ್ನೂ."

"ನಿಮಗೆ ಚರ್ಚ್ ಬಗ್ಗೆ ಏನು ಗೊತ್ತು?" ಎಂದು ಅವನು ಸಿಡುಕಿದ. ಬಾಗಿಲು ಜೋರಾಗಿ ಮುಚ್ಚಿಕೊಂಡಿತು.

ಮುಂದಿನ ವಾರ ಅವನು ಬರಲಿಲ್ಲ. ಅವಳಿಗೆ ಕೂತಲ್ಲಿ ಕೂರಲಾಗಲಿಲ್ಲ. ಕಾರಿಡಾರಿನಲ್ಲಿ ಬೂಟಿನ ಸದ್ದಾದಾಗಲೆಲ್ಲ ಕುತ್ತಿಗೆ ತಾನಾಗಿ ಹೊರಳುತ್ತಿತ್ತು. ಕೊನೆಗೆ ಬಂದವಳು ಅವನ ಅಕ್ಕ. ತಮ್ಮನದೇ ಹುಬ್ಬು.

"ನನ್ನ ತಮ್ಮ ಭಾನುವಾರ ರಾಜೀನಾಮೆ ಕೊಡ್ತಾನಂತೆ. ಊಟದ ತಟ್ಟೆ ಮುಂದೆ ಕೂತು ಗೋಡೆ ನೋಡ್ತಾನೆ ಕಣಮ್ಮ. ನಿನ್ನ ಮಾತಾದ್ರೂ ಕೇಳ್ತಾನೇನೋ ಅಂತ ಬಂದೆ."

"ನನ್ನ ಮೇಲೆ ಕೋಪ ಮಾಡ್ಕೊಂಡಿದ್ದಾರಲ್ಲ?"

"ಕೋಪನಾ? ಮನೇಲಿ ಎಲ್ಲ ಮಾತಿಗೂ 'ಆಕೆ ಹೀಗಂದ್ರು' ಅಂತಾನೆ. ನಂಗೇ ಸಾಕಾಗಿದೆ."

ಭಾನುವಾರ ಅವಳು ಚರ್ಚಿನ ಕೊನೆಯ ಬೆಂಚಿನಲ್ಲಿ ಕೂತಳು. ಅವನು ವೇದಿಕೆ ಹತ್ತಿದ. ಗಂಟಲು ಸರಿಮಾಡಿಕೊಂಡ. ಕಣ್ಣು ಸಾಲುಗಳ ಮೇಲೆ ಅಲೆದು ಅವಳ ಮೇಲೆ ನಿಂತಿತು. ಹೇಳಿಬಿಡಿ ಎನ್ನುವಂತೆ ಅವಳು ಕಂಡೂ ಕಾಣದಂತೆ ತಲೆಯಾಡಿಸಿದಳು. ಅವನು ಕೈಯಲ್ಲಿದ್ದ ರಾಜೀನಾಮೆಯ ಕಾಗದವನ್ನು ಮಡಿಚಿ ಪಕ್ಕಕ್ಕಿಟ್ಟ.

"ಇವತ್ತು ಉಪದೇಶ ಇಲ್ಲ," ಎಂದ ಪಿಸುದನಿಯಲ್ಲಿ. "ನಾನು ದಣಿದುಹೋಗಿದ್ದೀನಿ. ತುಂಬಾ ದಿನದಿಂದ ನಂಗೆ ಪ್ರಾರ್ಥನೆನೇ ಬರ್ತಾ ಇಲ್ಲ. ನಿಮಗೆ ಹೇಳೋಕೆ ನಾಚಿಕೆ ಆಗ್ತಿತ್ತು."

ಅವಳ ಉಗುರು ಅಂಗೈಗೆ ನಾಟಿತ್ತು. ಇವರು ತಿರುಗಿಬಿದ್ದರೆ? ತಾನೇ ಅವನನ್ನು ಈ ಅಂಚಿಗೆ ತಳ್ಳಿದೆನೇ?

ಮೊದಲ ಸಾಲಿನಲ್ಲಿ ಒಬ್ಬ ಮುದುಕಿ ಎದ್ದಳು. ಉಪದೇಶ ಸ್ವಲ್ಪ ಉದ್ದವಾದರೂ ವಾಚು ಎತ್ತಿ ತೋರಿಸುವವಳು. ಎಲ್ಲರ ಬಾಯಲ್ಲಿ ಗಡಿಯಾರದಜ್ಜಿ.

"ಇಷ್ಟು ದಿನ ನಮ್ಮನೆ ಬಾಗಿಲಿಗೆ ನೀನೇ ಬಂದೆ, ಮಗನೇ," ಎಂದಳು. "ನಾವು ಒಂದಿನಾನೂ ಹೇಗಿದ್ದೀಯಪ್ಪ ಅಂತ ಕೇಳ್ಲಿಲ್ಲ. ಕೆಳಗೆ ಬಾ, ಕೂತ್ಕೋ. ಇವತ್ತು ಪ್ರಾರ್ಥನೆ ನಮ್ದು."

ಅವನು ಇಳಿದು ಅಕ್ಕನ ಪಕ್ಕ ಕೂತ. ಒಬ್ಬೊಬ್ಬರಾಗಿ ಬಂದು ಅವನ ಹೆಗಲ ಮೇಲೆ ಕೈಯಿಟ್ಟರು. ಮಂಡಿ ಕುಣಿಯುತ್ತಿರಲಿಲ್ಲ. ಅವನು ಅಳುತ್ತಿದ್ದ.

ಅಲ್ಲಿಯೇ ತೀರ್ಮಾನವಾಯಿತು. ಮೂರು ತಿಂಗಳು ಪೂರ್ತಿ ರಜೆ. ರೋಗಿಗಳ ಮನೆಗೆ ಸಭೆಯವರೇ ಸರದಿಯಲ್ಲಿ ಹೋಗುವುದು. ಅವನು ಮರಳಿದ ಮೇಲೂ ಅದು ನಿಲ್ಲಬಾರದು. ಪಾಸ್ಟರ್‌ಗೆ ಯಾರಾದರೂ ಸುಮ್ಮನೆ ಫೋನ್ ಮಾಡಿದರೆ ತನಗೆ ಉತ್ತರ ಕೊಡಬೇಕೆಂದು ಗಡಿಯಾರದಜ್ಜಿ ಎಲ್ಲರನ್ನೂ ಹೆದರಿಸಿಟ್ಟಳು.

ಮರುದಿನ ಅವನು ಆಸ್ಪತ್ರೆಗೆ ಬಂದಾಗ ಅವಳು ಕೂರಲು ಹೇಳಲಿಲ್ಲ.

"ಇನ್ಮೇಲೆ ನಿಮ್ಮನ್ನ ಪಕ್ಕದ ರೂಮಿನ ಸೀನಿಯರ್ ನೋಡ್ತಾರೆ."

ಅವನ ಮುಖ ಬಾಡಿತು. "ಅವತ್ತು ಹಾಗೆ ಸಿಡುಕಿದ್ದು ತಪ್ಪು. ನನ್ನಿಂದ ಅಷ್ಟು ಬೇಜಾರಾಯ್ತಾ?"

"ಬೇಜಾರಲ್ಲ." ಅವಳು ಪೆನ್ನಿನ ಮುಚ್ಚಳ ತೆಗೆದಳು, ಹಾಕಿದಳು. "ಪೇಷಂಟ್ ಬರೋದು ತಡ ಆದ್ರೆ ಥೆರಪಿಸ್ಟ್ ಎದೆ ಹೀಗೆ ಹೊಡ್ಕೋಬಾರದು. ಅದು ನಿಯಮಕ್ಕೆ ವಿರುದ್ಧ. ನಿಯಮ ಬದಲಾಯಿಸೋಕಾಗಲ್ಲ, ಅದಕ್ಕೆ ಥೆರಪಿಸ್ಟನ್ನೇ ಬದಲಾಯಿಸಿದೆ."

ಅವನು ಅವಳನ್ನೇ ನೋಡಿದ. ಈ ಸಲ ನಗು ಕಣ್ಣನ್ನು ಮುಟ್ಟಿತು.

"ಅಂದ್ರೆ ನಾನೀಗ ನಿಮ್ಮ ಪೇಷಂಟ್ ಅಲ್ಲ. ಮೂರು ತಿಂಗಳು ಪಾಸ್ಟರೂ ಅಲ್ಲ."

"ಮತ್ತೇನು?"

"ಸ್ವಲ್ಪ ಗಾಬರಿಯಲ್ಲಿರೋ ಒಬ್ಬ ಮನುಷ್ಯ," ಎಂದ. "ನಿಮ್ಮನ್ನ ಪ್ರೀತಿಸೋನು."

ದನಿ ಎಲ್ಲಿಯೂ ಒಡೆಯಲಿಲ್ಲ.

"ಇನ್ನೊಂದ್ಸಲ ಹೇಳಿ," ಎಂದಳು ಅವಳು.

"ಗಂಟಲಿಗೆ ಅಭ್ಯಾಸಕ್ಕಾ?"

"ಅಲ್ಲ. ನಂಗೆ."